ಬಿದ್ರಿ ಅಂಗಡಿಯ ವೆಬ್‌ಸೈಟಿಗೆ ಯಾವ ಹೋಸ್ಟಿಂಗ್ ಸಾಕು? ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ (ಬೀದರ್): ನಮ್ಮ ಮನೆತನದ್ದು ಬಿದ್ರಿ ಕೆಲಸ, ಅಂದರೆ ಲೋಹದ ಮೇಲೆ ಬೆಳ್ಳಿಯ ಕುಸುರಿ. ಹೂದಾನಿ, ಡಬ್ಬಿ, ತಟ್ಟೆಗಳ ಫೋಟೊ ಮತ್ತು ಬೆಲೆ ತೋರಿಸಿ, ಆರ್ಡರನ್ನು ವಾಟ್ಸ್‌ಆ್ಯಪ್‌ನಲ್ಲಿ ಪಡೆಯುವಂಥ ಸಣ್ಣ ವೆಬ್‌ಸೈಟ್ ಬೇಕಾಗಿದೆ. ಶೇರ್ಡ್, ವಿಪಿಎಸ್, ಕ್ಲೌಡ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕಲಬುರಗಿಯಿಂದ: ಸರ್, ಇಲ್ಲಿನ ಕೆಲವು ದಾಲ್ ಮಿಲ್‌ಗಳ ವೆಬ್‌ಸೈಟ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಡೊಮೇನ್ ಎಂದರೆ ಹೆಸರು. ಹೋಸ್ಟಿಂಗ್ ಎಂದರೆ ಹಗಲಿರುಳು ಚಾಲೂ ಇರುವ ಕಂಪ್ಯೂಟರಿನಲ್ಲಿ (ಸರ್ವರ್) ಬಾಡಿಗೆಗೆ ಪಡೆದ ಜಾಗ. ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಹಣ ಕಟ್ಟಬೇಕು. ದಿಲ್ಲಿಯ ಗಿರಾಕಿ ನಿಮ್ಮ ಹೆಸರನ್ನು ಟೈಪ್ ಮಾಡಿದಾಗ ಡಿಎನ್‌ಎಸ್ ವ್ಯವಸ್ಥೆಯು ಆ ಹೆಸರಿಗೆ ಸೇರಿದ ಐಪಿ ಸಂಖ್ಯೆಯನ್ನು (ಸರ್ವರಿನ ವಿಳಾಸ) ಹುಡುಕಿಕೊಡುತ್ತದೆ, ಬಳಿಕ ಬ್ರೌಸರ್ ಆ ಸರ್ವರಿನಿಂದ ಪುಟವನ್ನು ತರಿಸಿಕೊಳ್ಳುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರನ್ನು ನೂರಾರು ವೆಬ್‌ಸೈಟ್‌ಗಳು ಹಂಚಿಕೊಳ್ಳುವುದರಿಂದ ದರ ಅಗ್ಗವಾಗಿರುತ್ತದೆ, ಆದರೆ ಅವುಗಳಲ್ಲಿ ಒಂದಕ್ಕೆ ಜನ ನುಗ್ಗಿದರೆ ನಿಮ್ಮದೂ ನಿಧಾನವಾಗಬಹುದು. ವಿಪಿಎಸ್ ಎಂದರೆ ಒಂದು ಸರ್ವರಿನೊಳಗೆ ನಿಮಗಾಗಿಯೇ ಬೇರ್ಪಡಿಸಿದ ಭಾಗ, ಅದರಲ್ಲಿ ನಿಮ್ಮ ಪಾಲಿನ ಮೆಮೊರಿ ನಿಗದಿಯಾಗಿರುತ್ತದೆ. ಅಪ್‌ಡೇಟ್ ಮತ್ತು ಭದ್ರತೆಯ ಕೆಲಸ ಮಾತ್ರ ಸಾಮಾನ್ಯವಾಗಿ ನಿಮ್ಮ ಹೆಗಲಿಗೇ ಬೀಳುತ್ತದೆ. ಕ್ಲೌಡ್‌ನಲ್ಲಿ, ಅಂದರೆ ಹಲವು ಸರ್ವರ್‌ಗಳ ಜಾಲದಲ್ಲಿ, ಸಾಮಾನ್ಯವಾಗಿ ಬಳಸಿದಷ್ಟಕ್ಕೆ ಬಿಲ್ ಬರುತ್ತದೆ. ನಿಮಗೆ ಶೇರ್ಡ್ ಧಾರಾಳವಾಗಿ ಸಾಕು. ಜಾಹೀರಾತಿನಲ್ಲಿ ತೋರಿಸುವ ದರ ಹೆಚ್ಚಾಗಿ ಮೊದಲ ಅವಧಿಯದ್ದು. ನವೀಕರಣದ ದರವನ್ನೂ ಅದರ ಮೇಲಿನ ಶೇ 18 ಜಿಎಸ್‌ಟಿಯನ್ನೂ ಸೇರಿಸಿ ಲೆಕ್ಕ ಹಾಕಿ. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೂ ಫೈಲುಗಳ ಸಂಖ್ಯೆಗೆ ಮಿತಿ ಇರುವುದುಂಟು.

ಯಾದಗಿರಿಯಿಂದ: ಆರ್ಡರ್ ವಾಟ್ಸ್‌ಆ್ಯಪ್‌ನಲ್ಲೇ ಬರುವುದಾದರೆ ಆರ್ಡರ್‌ಗಳ ದಾಖಲೆ ಇಡುವ ಡೇಟಾಬೇಸ್ ಬೇಕಿಲ್ಲ, ಹಾಗಾಗಿ ಶೇರ್ಡ್ ಕೂಡ ಅನಿವಾರ್ಯವಲ್ಲ. ಸ್ಟ್ಯಾಟಿಕ್ ಪುಟಗಳನ್ನು, ಅಂದರೆ ಮೊದಲೇ ಸಿದ್ಧಪಡಿಸಿಟ್ಟ ಪುಟಗಳನ್ನು, ಕ್ಲೌಡ್‌ಫ್ಲೇರ್ ಪೇಜಸ್ ಎಂಬ ಸೇವೆಯಲ್ಲಿ ಉಚಿತವಾಗಿ ಇಡಬಹುದು. ಗಿಟ್‌ಹಬ್ ಪೇಜಸ್ ಸಹ ಉಚಿತವೇ, ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸಬಾರದೆಂದು ಅದರ ನಿಯಮವೇ ಹೇಳುತ್ತದೆ. ಸಲಹೆ ಕೊಡುವವರು ಇದನ್ನು ಓದಿರುವುದಿಲ್ಲ.

ಪ್ರಶ್ನೆ ಕೇಳಿದವರು: ಬೆಳ್ಳಿಯ ದರ ಏರಿಳಿದಂತೆ ನಮ್ಮ ಬೆಲೆಯೂ ಬದಲಾಗುತ್ತದೆ. ಕೋಡ್ ಬಾರದ ನನ್ನ ತಮ್ಮ ಅದನ್ನು ಫೋನಿನಲ್ಲೇ ತಿದ್ದಬೇಕು.

ಯಾದಗಿರಿಯಿಂದ: ಹಾಗಿದ್ದರೆ ಕಲಬುರಗಿಯವರ ಮಾತೇ ಸರಿ. ಶೇರ್ಡ್ ಹೋಸ್ಟಿಂಗ್ ಮೇಲೆ, ಕೋಡ್ ಬರೆಯದೆ ಫೋನಿನಿಂದಲೇ ಪುಟ ತಿದ್ದಬಹುದಾದ ವರ್ಡ್‌ಪ್ರೆಸ್ ತಂತ್ರಾಂಶವನ್ನು ಹಾಕಿಸಿಕೊಳ್ಳಿ, ಆದರೆ ಅದನ್ನೂ ಅದಕ್ಕೆ ಹೆಚ್ಚುವರಿಯಾಗಿ ಸೇರಿಸುವ ಪ್ಲಗಿನ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡದಿದ್ದರೆ ಹ್ಯಾಕ್ ಆಗುವ ಸಂಭವ ಹೆಚ್ಚು.

ಬೀದರಿನಿಂದ: ಇಲ್ಲಿಯವರೆಗೆ ಯಾರೂ ಹೇಳದ ಒಂದು ವಿಷಯ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ನಮ್ಮ ಸಂಸ್ಥೆಗೆ ವೆಬ್‌ಸೈಟ್ ಮಾಡಿಕೊಟ್ಟವರೊಬ್ಬರು ಡೊಮೇನನ್ನು ತಮ್ಮ ಹೆಸರಿಗೇ ನೋಂದಾಯಿಸಿಕೊಂಡಿದ್ದರು, ಆಮೇಲೆ ಬಿಟ್ಟುಕೊಡಲು ಹೆಚ್ಚಿನ ಹಣ ಕೇಳಿದರು. ಹೋಸ್ಟಿಂಗನ್ನು ಯಾವಾಗ ಬೇಕಾದರೂ ಬದಲಿಸಬಹುದು, ಆದರೆ ಗಿರಾಕಿಗಳಿಗೆ ರೂಢಿಯಾದ ಹೆಸರನ್ನು ಬದಲಿಸಲಾಗದು. ನೋಂದಣಿಯಲ್ಲಿ ನಿಮ್ಮದೇ ಹೆಸರು, ಇಮೇಲ್ ಮತ್ತು ಫೋನ್ ಸಂಖ್ಯೆ ಇರಲಿ. ವೆಬ್‌ಸೈಟಿನ ಸಂಪರ್ಕವನ್ನು ಸುರಕ್ಷಿತಗೊಳಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಒಪ್ಪಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗ್ ಕಂಪನಿಗಳು ಅದನ್ನು ತಾವಾಗಿಯೇ ನವೀಕರಿಸುತ್ತವೆ. ಬ್ಯಾಕಪ್‌ನ ಒಂದು ಪ್ರತಿಯನ್ನು ನಿಮ್ಮ ಮನೆಯ ಕಂಪ್ಯೂಟರಿಗೂ ಇಳಿಸಿಕೊಳ್ಳಿ.