ಮಗನಿಗೆ ಕೊಡುವುದನ್ನು ಕಲಿಸಬೇಕು, ಆದರೆ ಫೋಟೋಕ್ಕಾಗಿ ಅಲ್ಲ. ಹೇಗೆ?

ಬದಿಯಡ್ಕದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗ ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಶಾಲೆಯಲ್ಲಿ ಒಂದು ಮಗುವಿನ ಆಪರೇಷನ್‌ಗೆ ಅಂತ ಹಣ ಒಟ್ಟು ಮಾಡಿದರು. ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ಅಸೆಂಬ್ಲಿಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ಹೆಸರು ಸಮೇತ ಓದಿದರಂತೆ, ಐನೂರು ಕೊಟ್ಟವರನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದರಂತೆ, ಅದು ವಾಟ್ಸಪ್ ಗ್ರೂಪಿಗೂ ಬಂತು. ಇವನು ಮನೆಗೆ ಬಂದವನೇ "ಅಮ್ಮಾ, ಮುಂದಿನ ಸಲ ಸಾವಿರ ಕೊಡು" ಅಂತ ಹಟ. ಆ ಮಗುವಿಗೆ ಏನಾಗಿದೆ ಅಂತ ಕೇಳಿದರೆ ಗೊತ್ತಿಲ್ಲ!

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಅವನ ಅಜ್ಜಿ ಹೇಳುತ್ತಾರೆ. ಸರಿ, ಆದರೆ ಎಂಟು ವರ್ಷದ ಹುಡುಗನಿಗೆ ಗುಟ್ಟಾಗಿ ಕೊಡುವುದರಲ್ಲಿ ಏನು ಮಜಾ ಇದೆ ಹೇಳಿ? ನೀವೆಲ್ಲ ಏನು ಮಾಡುತ್ತೀರಿ?

ಪೆರ್ಲದವಳು:
ಅಕ್ಕಾ, ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಈ ಫೋಟೋ ಕಥೆ ನೋಡಿ ನೋಡಿ ಸಾಕಾಗಿದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುವುದು 2000ದಲ್ಲಿ ನಿಂತಿತು, ಅದರಿಂದ ಕಾಯಿಲೆ ಬಿದ್ದ ಮಕ್ಕಳನ್ನು ನೋಡಲಿಕ್ಕೆ ಕ್ಯಾಮೆರಾ ಹಿಡಿದು ಬರುವವರು ನಿಲ್ಲಲಿಲ್ಲ. ಬಿಸ್ಕೆಟ್ ಪ್ಯಾಕೆಟ್ ಕೊಡುವುದು, ಮಲಗಿದ ಮಗುವಿನ ಪಕ್ಕ ನಿಂತು ಫೋಟೋ ತೆಗೆಯುವುದು, ಹೋಗುವುದು. ಕೆಲವರು ತಮ್ಮ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ, "ನೋಡು, ನೀನು ಎಷ್ಟು ಪುಣ್ಯವಂತ" ಅಂತ ತೋರಿಸಲಿಕ್ಕೆ. ಆ ತಾಯಿ ಅಲ್ಲೇ ನಿಂತು ಕೇಳುತ್ತಿರುತ್ತಾಳೆ. ದಯವಿಟ್ಟು ಅದೊಂದು ಮಾಡಬೇಡಿ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗುತ್ತಾಳೆ, ಮಾತು ಬರುವುದಿಲ್ಲ. ನನ್ನ ಮಗಳು ಸಂಜೆ ಅವಳ ಜೊತೆ ಸುಮ್ನೆ ಕೂತಿರುತ್ತಾಳೆ, ಬಳೆ ಹಾಕುವುದು ತೆಗೆಯುವುದು, ಅಷ್ಟೇ. ಕೆಂಪು ಬಳೆ ತೋರಿಸಿದರೆ ಅವಳು ಕೈ ಮುಂದೆ ಮಾಡುತ್ತಾಳೆ, ಹಸಿರು ತಂದರೆ ಮುಷ್ಟಿ ಬಿಗಿಯುತ್ತಾಳೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಮಗಳೇ ಕಂಡುಹಿಡಿದದ್ದು. ಸಹಾಯ ಅಂತ ನಾವು ಅದಕ್ಕೆ ಹೆಸರಿಡಲೇ ಇಲ್ಲ.

ಉಪ್ಪಳದ ವ್ಯಾಪಾರಿ:
ಗುಟ್ಟಿನಲ್ಲಿ ಮಜಾ ಇಲ್ಲ ಅಂತ ಯಾರು ಹೇಳಿದ್ದು? 😄 ರಂಜಾನಿನ ಕೊನೆಗೆ ನಮ್ಮಲ್ಲಿ ಬಡವರಿಗೆ ಫಿತ್ರ್ ಝಕಾತ್ ಅಂತ ದಾನ ಕೊಡುತ್ತೇವೆ. ತೊಟ್ಟಿಲ ಕೂಸಿನ ಪಾಲೂ ಸೇರಿ ತಲೆಗೆ ಸುಮಾರು 3 ಕಿಲೋ ಅಕ್ಕಿ, ಹಬ್ಬದ ನಮಾಜಿಗೆ ಮೊದಲೇ ತಲುಪಬೇಕು. ಚೀಲ ಕಟ್ಟುವುದು ಮಕ್ಕಳ ಕೆಲಸ. ನಾವು ಉಣ್ಣುವ ಅಕ್ಕಿಯೇ ಆಗಬೇಕು, ಅಗ್ಗದ್ದು ತುಂಬಿಸಲಿಕ್ಕೆ ಹೋದರೆ ನನ್ನ ಉಮ್ಮ ಬಿಡುವುದಿಲ್ಲ. ಅದು ಅವರ ಹಕ್ಕು, ನಿನ್ನ ಉಪಕಾರ ಅಲ್ಲ ಅಂತ ಮೊಮ್ಮಕ್ಕಳಿಗೆ ಬೈದೇ ಹೇಳುತ್ತಾರೆ. ಕತ್ತಲಾದ ಮೇಲೆ ಟಾರ್ಚ್ ಆಫ್ ಮಾಡಿ, ನಾಯಿ ಬೊಗಳದ ಹಾಗೆ ಹೋಗಿ ಹಿಂದಿನ ಬಾಗಿಲಲ್ಲಿ ಕೊಟ್ಟು ಬರುವಾಗ ನನ್ನ ಹುಡುಗನ ಮುಖ ನೀವು ನೋಡಬೇಕು.

ಅಡಿಕೆ ಕೃಷಿಕ:
ಎಲ್ಲರಿಗೂ ಫೋಟೋ ಮೇಲೆ ಯಾಕೆ ಇಷ್ಟು ಸಿಟ್ಟು? 2024ರ ಜುಲೈ 30ಕ್ಕೆ ವಯನಾಡಿನಲ್ಲಿ ಗುಡ್ಡ ಜರಿದಾಗ ಮಕ್ಕಳು ಹುಂಡಿ ಒಡೆದು ಕೊಟ್ಟದ್ದನ್ನು ಪೇಪರಿನಲ್ಲಿ ನೋಡಿಯೇ ನಮ್ಮ ಮನೆಯ ಹುಡುಗ ಸೈಕಲಿಗೆ ಅಂತ ಇಟ್ಟ ದುಡ್ಡು ತೆಗೆದ. ಕೊಡುವವರ ಫೋಟೋ ಬೇರೆ, ತೆಗೆದುಕೊಳ್ಳುವವರ ಫೋಟೋ ಬೇರೆ. ಮೊತ್ತ ಓದಿದ್ದು ಮಾತ್ರ ತಪ್ಪು, ಹತ್ತು ರೂಪಾಯಿ ತಂದ ಮಗು ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಪಿಟಿಎ (ಹೆತ್ತವರ-ಶಿಕ್ಷಕರ) ಸಭೆಯಲ್ಲಿ ಕೇಳಿ.

ಮತ್ತೆ ಆ ಸಾವಿರ ನಿಮ್ಮ ದುಡ್ಡು ಅಲ್ವಾ? ಅವನದ್ದೇನು ಹೋಯಿತು? ವಿಷುವಿಗೆ ಹಿರಿಯರು ಕೊಟ್ಟದ್ದು ಅವನ ಹತ್ತಿರ ಇರುತ್ತದೆ, ಅದರಲ್ಲಿ ಎಷ್ಟು ಅಂತ ಅವನೇ ಹೇಳಲಿ.

ಬದಿಯಡ್ಕದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಅಡಿಕೆಯವರು ಹೇಳಿದ ಹಾಗೆ ಕೇಳಿ ನೋಡಿದೆ. ಸಾವಿರದ ಹಟ ಅಲ್ಲೇ ತಣ್ಣಗಾಯಿತು. ಹುಂಡಿ ಸುರಿದು, ಎಣಿಸಿ, ತುಂಬಾ ಹೊತ್ತು ಯೋಚಿಸಿ ನಲವತ್ತು ರೂಪಾಯಿ ಬದಿಗಿಟ್ಟ. "ಟೀಚರ್ ಹತ್ರ ಎಷ್ಟು ಅಂತ ಹೇಳಬೇಡ, ಕಡಿಮೆ ಆಯ್ತು" ಅಂದ. ಆಮೇಲೆ "ಆ ಮಗುವಿಗೆ ಏನಾಗಿದೆ?" ಅಂತ ಅವನೇ ಕೇಳಿದ. ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ. ಪಿಟಿಎ ಶುಕ್ರವಾರ ಇದೆ. ಮೊತ್ತ ಓದುವ ವಿಷಯ ಎತ್ತುತ್ತೇನೆ, ನಿಮ್ಮ ಶಾಲೆಗಳಲ್ಲಿ ಹೇಗೆ ಮಾಡುತ್ತಾರೆ ಅಂತ ಅದಕ್ಕೆ ಮೊದಲು ಯಾರಾದರೂ ಬರೆದರೆ ಉಪಕಾರ.