‘ನೀಡಲ್ ಬೇರಿಂಗ್’: ಸೂಜಿಯೋ, ಕಡ್ಡಿಯೋ?

ಮಾನ್ಯರೇ,

ಅಮೆರಿಕದ ಕನೆಕ್ಟಿಕಟ್‌ನ ಟಾರಿಂಗ್ಟನ್ ಕಂಪನಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ನೀಡಲ್ ಬೇರಿಂಗ್’ ಎಂಬ ಪದ ವಾರದಿಂದ ನನ್ನನ್ನು ಮುಂದೆ ಹೋಗಗೊಟ್ಟಿಲ್ಲ. 1866ರಲ್ಲಿ ಎಕ್ಸೆಲ್ಸಿಯರ್ ನೀಡಲ್ ಕಂಪನಿ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆ ಮೊದಲು ತಯಾರಿಸುತ್ತಿದ್ದುದು ಹೊಲಿಗೆ ಯಂತ್ರದ ಸೂಜಿಗಳನ್ನು. ಉಕ್ಕಿನ ತಂತಿಯನ್ನು ಕಾಯಿಸದೆ, ಸುತ್ತಲಿಂದ ಬಡಿದು ಸಣ್ಣಗೆ ಮಾಡುವ ವಿಧಾನವೇ ಅದರ ಬಲವಾಗಿತ್ತು. 1930ರ ದಶಕದಲ್ಲಿ ಅದು ನೀಡಲ್ ಬೇರಿಂಗ್, ಅಂದರೆ ಗುಂಡುಗಳ ಬದಲು ಸಣಕಲು ಉರುಳೆಗಳಿರುವ ಬೇರಿಂಗ್, ತಯಾರಿಕೆಗೆ ಇಳಿಯಿತು. 2003ರಲ್ಲಿ ಟಿಮ್ಕೆನ್ ಎಂಬ ಬೇರಿಂಗ್ ಕಂಪನಿ ಅದನ್ನು ಕೊಂಡಿತು.

ಸಣ್ಣ ಎಂಜಿನ್‌ಗಳಿಗೂ ಮರ ಕೊಯ್ಯುವ ಚೈನ್ ಸಾಗಳಿಗೂ ಈ ಬೇರಿಂಗ್ ಏಕೆ ಬೇಕೆಂಬುದು ಪದದ ಆಯ್ಕೆಗೂ ಸಂಬಂಧಿಸಿದ್ದು. ಇವುಗಳ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಆಯಿಲ್‌ಗೆ ಪ್ರತ್ಯೇಕ ದಾರಿಯಿರುವುದಿಲ್ಲ. ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲಿನಂತೆ ಬೆರೆಸಿದ ಆಯಿಲ್‌ನ ತೆಳುವಾದ ಪಸೆಯಲ್ಲೇ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಪಿಸ್ಟನ್ ಪಿನ್ನು ನಿಮಿಷಕ್ಕೆ ಸಾವಿರಾರು ಸಲ ಓಲಾಡಬೇಕು. ಉಜ್ಜುವ ಬುಶ್ (ಉರುಳೆಗಳಿಲ್ಲದ ಲೋಹದ ಬಳೆ) ಅಲ್ಲಿ ಬೇಗ ಸವೆಯುತ್ತದೆ, ಉರುಳುವ ಭಾಗಗಳು ಬಾಳುತ್ತವೆ. ಜಾಗ ಇಕ್ಕಟ್ಟಾದ್ದರಿಂದ ಅವು ಸಣಕಲಾಗಿರಲೇಬೇಕು. ಸಾಗರದ ಒಂದು ರಿಪೇರಿ ಅಂಗಡಿಯಲ್ಲಿ ಬಿಚ್ಚಿದ ಚೈನ್ ಸಾದಿಂದ ಅಂಥದೊಂದನ್ನು ತೆಗೆದು ನನ್ನ ಅಂಗೈಯ ಮೇಲಿಟ್ಟ ಮೆಕ್ಯಾನಿಕ್, “ನೋಡಿ ಸಾರ್, ಕಡ್ಡಿ ಸವೆದಿದೆ” ಎಂದರು. ಅಕ್ಕಿಕಾಳಿಗಿಂತ ತುಸು ಉದ್ದದ ಉರುಳೆಗಳು, ತುದಿಯಿಂದ ತುದಿಗೆ ಒಂದೇ ದಪ್ಪ.

ನನ್ನ ತೊಡಕು ಇಲ್ಲಿಯೇ. ಕನ್ನಡದಲ್ಲಿ ಸೂಜಿ ಎಂದೊಡನೆ ಮನಸ್ಸಿಗೆ ಬರುವುದು ಮೊನೆ ಮತ್ತು ಕಣ್ಣು. ಈ ಉರುಳೆಗೆ ಎರಡೂ ಇಲ್ಲ. ಕಡ್ಡಿಯಾದರೋ, ಊದುಬತ್ತಿಯದಾಗಲಿ ಬೆಂಕಿಪೊಟ್ಟಣದ್ದಾಗಲಿ, ಸಣ್ಣಗೆ ಸಮನಾಗಿರುವುದು ಎಂಬ ಅರ್ಥವನ್ನು ತಾನೇ ಹೊತ್ತು ತರುತ್ತದೆ. ಹಾಗಾಗಿ ‘ಸೂಜಿ ಬೇರಿಂಗ್’ಗಿಂತ ‘ಕಡ್ಡಿ ಬೇರಿಂಗ್’ ನನಗೆ ಹೆಚ್ಚು ಸರಿಯೆನಿಸುತ್ತದೆ. (‘ಬೇರಿಂಗ್’ ಅನ್ನು ‘ಧಾರಕ’ ಮಾಡುವುದು ನನಗೆ ಒಪ್ಪಿಗೆಯಿಲ್ಲ, ಸೈಕಲ್ ಅಂಗಡಿಯ ಹುಡುಗನಿಗೂ ತಿಳಿದ ಮಾತನ್ನು ಕಷ್ಟವಾಗಿಸುವುದೇಕೆ?) ಆದರೆ ‘ಸೂಜಿ ಮಾಡುತ್ತಿದ್ದ ಕಂಪನಿ ಕಡ್ಡಿ ಬೇರಿಂಗ್ ಮಾಡತೊಡಗಿತು’ ಎಂದು ಬರೆದರೆ, ಅಮೆರಿಕದ ಓದುಗರಿಗೆ ಹೆಸರಿನಲ್ಲೇ ಕಾಣುವ ನಂಟು ನಮ್ಮ ಓದುಗರಿಗೆ ಕಡಿದುಹೋಗುತ್ತದೆ. ಚರಿತ್ರೆಯ ಭಾಗದಲ್ಲಿ ‘ಸೂಜಿ’, ಯಂತ್ರವಿವರಣೆಯಲ್ಲಿ ‘ಕಡ್ಡಿ’ ಎಂದು ಎರಡನ್ನೂ ಬಳಸುವುದು ತಮಗೆ ಒಪ್ಪಿಗೆಯೇ?

ಇನ್ನೊಂದು ಪ್ರಶ್ನೆ. ಈ ಉರುಳೆಗಳು ಒಂದಕ್ಕೊಂದು ತಾಗದಂತೆ ಅಂತರದಲ್ಲಿ ಹಿಡಿಯುವ ‘ಕೇಜ್’ಗೆ ‘ಪಂಜರ’ ಎನ್ನಲು ಮನಸ್ಸಾಗುತ್ತಿಲ್ಲ, ಏಕೆಂದರೆ ಅದರ ಕೆಲಸ ಕೂಡಿಹಾಕುವುದಕ್ಕಿಂತ ಬೇರ್ಪಡಿಸುವುದು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿಡುವ ‘ಹಣಿಗೆ’ಯ ಹೆಸರು ಇದಕ್ಕೆ ಒಪ್ಪೀತೇ? ನೇಯ್ಗೆ ಬಲ್ಲವರು ದಯವಿಟ್ಟು ತಿಳಿಸಬೇಕು.