ಇತಿಹಾಸ ಮೊದ್ಲಾ, ಕಾದಂಬರಿ ಮೊದ್ಲಾ? ಓದಿದವ್ರು ಹೇಳಿ

ಕೊಡಗಿನ ಕೊನೇ ರಾಜನ ಮೇಲಿರೋ ಮಾಸ್ತಿಯವರ ಕಾದಂಬರಿ ಚಿಕವೀರ ರಾಜೇಂದ್ರ ಮೊನ್ನೆ ಮುಗಿಸ್ದೆ, ಕುಂಟ ಬಸವ ಇನ್ನೂ ಕಣ್ಮುಂದೆ ಓಡಾಡ್ತಿದಾನೆ. ಮುಂದೆ ತರಾಸು ಅವರ ದುರ್ಗಾಸ್ತಮಾನ. ಚಿತ್ರದುರ್ಗದ ಇತಿಹಾಸ ಒಂದಿಷ್ಟು ಓದ್ಕೊಂಡು ಶುರು ಮಾಡ್ಲಾ, ನೇರ ಕಾದಂಬರಿಗೇ ಹೋಗ್ಲಾ?

ದುರ್ಗದವ:
ನೇರ ಕಾದಂಬರಿ. ನಾನು ಸೆಕೆಂಡ್ ಹ್ಯಾಂಡ್ ಕಾಪಿ ತರಿಸಿದ್ದೆ, 280 ರೂಪಾಯಿ, ಕೊರಿಯರ್ 70 ಬೇರೆ, ಬಿಚ್ಚಿ ನೋಡಿದ್ರೆ ಮಧ್ಯೆ ಒಂದು ಫಾರಂ ಪೂರ್ತಿ 16 ಪುಟ ಇಲ್ಲ. ಅಂಗಡಿಯವ್ನು ವಾಪಸ್ ತಗೊಳ್ಳಲ್ಲ ಅಂದ್ಬಿಟ್ಟ. ಲೈಬ್ರರೀಲಿ ಕೂತು ಮೂರು ಭಾನುವಾರ ಆ 16 ಪುಟ ಕೈಯಲ್ಲೇ ಬರ್ಕೊಂಡು ಬಂದು ಮೈದಾ ಅಂಟಲ್ಲಿ ಅಂಟಿಸಿದೀನಿ, ಆ ಪುಸ್ತಕ ಯಾರಿಗೂ ಕೊಡಲ್ಲ. 1779ರಲ್ಲಿ ಹೈದರ್ ಕೋಟೆ ತಗೊಂಡ ಅಂತ ಸ್ಕೂಲಿಂದ್ಲೂ ಗೊತ್ತು, ಆದ್ರೂ ಕೊನೇವರೆಗೂ ಬೀಳಬಾರ್ದು ಅಂತಾನೇ ಓದ್ದೆ.

ಮಡಿಕೇರಿ ಓದುಗಳು:
ಕಾದಂಬರಿ ಮೊದ್ಲು ಓದಿ ನಾನು ಪಟ್ಟ ಪಾಡು ಸಾಕು. ನಮ್ಮ ರಾಜ ಅಂದ್ರೆ ಕುಡಿತ, ಕ್ರೌರ್ಯ ಅಂತ ಹತ್ತು ವರ್ಷ ತಲೇಲಿ ಕೂತಿತ್ತು. 1834ರಲ್ಲಿ ಪಟ್ಟ ಕಳ್ಕೊಂಡು ಕಾಶೀಲಿದ್ದೋನು 1852ರಲ್ಲಿ ಮಗಳು ಗೌರಮ್ಮನ್ನ ಕರ್ಕೊಂಡು ಲಂಡನ್ನಿಗೆ ಹೋದ, ಈಸ್ಟ್ ಇಂಡಿಯಾ ಕಂಪನಿ ಹಿಡ್ಕೊಂಡಿದ್ದ ತನ್ನ ದುಡ್ಡಿಗೆ ಅಲ್ಲೇ ಕೇಸ್ ಹಾಕ್ದ, 1859ರಲ್ಲಿ ಅಲ್ಲೇ ತೀರ್ಕೊಂಡ. ಆ ಹುಡುಗಿಗೆ ವಿಕ್ಟೋರಿಯಾ ರಾಣಿನೇ ಗಾಡ್‌ಮದರ್, ಇಪ್ಪತ್ತು ದಾಟಿದ್ದೇ ಅವಳೂ ಹೋದ್ಲು. ಇತಿಹಾಸದ ಪುಸ್ತಕ ಹಿಡಿದ್ಮೇಲೆ ಇದೆಲ್ಲ ಓದಿ ಎರಡು ದಿನ ಊಟ ಸೇರ್ಲಿಲ್ಲ.

ದುರ್ಗದವ:
ಮೇಡಂ, ಮಾಸ್ತಿ ಬರೆದಿದ್ದು ಕಾದಂಬರಿ, ತೀರ್ಪಲ್ಲ. ಜ್ಞಾನಪೀಠ ಸುಮ್ನೆ ಬರಲ್ಲ.

ಮಡಿಕೇರಿ ಓದುಗಳು:
ಪ್ರಶಸ್ತಿ ಮಾತು ಯಾರೆತ್ತಿದ್ರು? ತರಾಸು ನಿಮ್ಮ ಜಿಲ್ಲೆಯವ್ರೇ, ಮದಕರಿ ನಾಯಕನ್ನ ಎದೇಲಿಟ್ಕೊಂಡು ಬರೆದ್ರು. ಅವನನ್ನೇ ಯಾರಾದ್ರೂ ಕುಡುಕ ಅಂತ ಬರೆದಿದ್ರೆ ನೀವು ಆ 16 ಪುಟ ಕೂತು ನಕಲು ಮಾಡ್ತಿದ್ರಾ?

ಹೊಸಪೇಟೆ ಮೇಷ್ಟ್ರು:
ಇಬ್ರೂ ಸ್ವಲ್ಪ ನಿಲ್ಲಿ. ನಾನು ವಿಜಯನಗರಕ್ಕೆ ಇಂಗ್ಲಿಷ್ ಇತಿಹಾಸಕಾರ ಸಿವೆಲ್‌ನಿಂದ ಶುರು ಮಾಡ್ದೆ, 1900ರ ಪುಸ್ತಕ, ಪಿಡಿಎಫ್ ಪ್ರಿಂಟ್ ಹಾಕ್ಸಿ ಸ್ಪೈರಲ್ ಮಾಡ್ಸೋಕೆ 460 ಆಯ್ತು. ಅದರಲ್ಲಿ ಪೋರ್ಚುಗೀಸರಾದ ಪಾಯೆಸ್, ನೂನಿಜ್ ಬರೆದಿದ್ದರ ಅನುವಾದಾನೂ ಇದೆ, ಪಾಯೆಸ್ ಹೇಳೋ ಮಹಾನವಮಿ ಓದ್ಕೊಂಡು ಹಂಪಿಯ ಮಹಾನವಮಿ ದಿಬ್ಬದ ಮುಂದೆ ನಿಂತ್ರೆ ಮೈ ಜುಂ ಅನ್ನುತ್ತೆ. ಅದಾದ್ಮೇಲೆ 1565ರ ತಾಳಿಕೋಟೆ ಯುದ್ಧದ ಬಗ್ಗೆ ಯಾವ ಕಾದಂಬರೀನೂ ಹಿಡಿಸ್ಲಿಲ್ಲ.

ತಾಳಿಕೋಟಿಯಂವ:
ಸರ್, ಯುದ್ಧ ನಮ್ಮೂರಾಗ ಆಗಿಲ್ರೀ. ಕೃಷ್ಣಾ ದಂಡಿ ಮ್ಯಾಲ, ರಕ್ಕಸಗಿ-ತಂಗಡಗಿ ಕಡೆ ಆಗಿದ್ದು. ಮೇಷ್ಟ್ರಾಗಿ ನೀವೂ ಹಂಗ ಬರದ್ರ ಹುಡುಗ್ರು ಏನ್ ಕಲೀತಾವ?

ಹೊಸಪೇಟೆ ಮೇಷ್ಟ್ರು:
ಪಠ್ಯಪುಸ್ತಕದಲ್ಲಿ ಇರೋ ಹೆಸರೇ ಬರೆದೆ.

ತಾಳಿಕೋಟಿಯಂವ:
ಅದನ್ನ ಮೊದಲ ತಿದ್ದಸ್ರಿ.